ಜಾಲಿಯ ಕೆಚ್ಚು

ಕನ್ನಡದ ‘ಕೆಚ್ಚು’ ಎಂಬ ಮಾತಿಗೆ ಎರಡು ಅರ್ಥ. ಎದೆಯ ಕೆಚ್ಚು ಎಲ್ಲರಿಗೂ ಗೊತ್ತು. ಇನ್ನೊಂದು ಮರದ ಕೆಚ್ಚು, ಬೊಡ್ಡೆಯ ನಟ್ಟನಡುವೆ ವರ್ಷಗಟ್ಟಲೆ ಬಲಿತು ಗಟ್ಟಿಯಾದ ತಿರುಳು. ಎರಡಕ್ಕೂ ಒಂದೇ ಹೆಸರು ಯಾಕೆ ಬಂತೆಂದು ನನಗೆ ಮನದಟ್ಟಾದದ್ದು ರಾಯಬಾಗ ತಾಲ್ಲೂಕಿನಲ್ಲಿ ಕೃಷ್ಣೆಯ ದಂಡೆಗಿರುವ ನಮ್ಮ ಬೀಗರ ಹೊಲದಲ್ಲಿ, ಜಾಲಿಗಿಡ ಉರುಳಿಸುತ್ತಿದ್ದ ನಾಲ್ಕು ಜನರ ಪಕ್ಕದಲ್ಲಿ ಒಂದು ಇಡೀ ದಿನ ನಿಂತಾಗ.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಈ ಐದೂ ಕಡೆ ಎಷ್ಟೇ ದೊಡ್ಡದಿದ್ದರೂ ಅದು ಗಿಡವೇ. ಮೂವರು ತೆಕ್ಕೆ ಹಾಯ್ದರೂ ತಬ್ಬಲಾಗದ ಆಲವೂ ನಮಗೆ ಆಲದ ಗಿಡ. ‘ಮರ’ ಎಂದರೆ ಹೆಣ್ಣುಮಕ್ಕಳು ಜೋಳ ಹಸನು ಮಾಡುವ ಮೊರ. ಅದಕ್ಕೇ ನಾನೂ ಇಲ್ಲಿ ಜಾಲಿಗಿಡವೆಂದೇ ಬರೆಯುತ್ತೇನೆ. ಜಾಲಿಯೆಂದರೆ ರಸ್ತೆಬದಿಯಲ್ಲಿ ಪೊದೆಗಟ್ಟಿ ಬೆಳೆಯುವ ಬಳ್ಳಾರಿ ಜಾಲಿಯಲ್ಲ. ಅದು ಅಮೆರಿಕ ಖಂಡದಿಂದ ಬಂದದ್ದು. ಇದು ನಮ್ಮ ಕರಿಜಾಲಿ, ಗಡಿಯಾಚೆಯ ಮರಾಠಿಯವರ ಬಾಭಳ. ಮಳೆಗಾಲದಲ್ಲಿ ಹಳದಿ ಗುಂಡಿಗಳಂಥ ಹೂವು, ಬೇಸಿಗೆಯ ಹೊತ್ತಿಗೆ ಮಣಿಸರದಂತೆ ನಡುನಡುವೆ ಹಿಸುಕಿದ ಬೂದುಬಣ್ಣದ ಕಾಯಿ, ಜೋಡಿ ಜೋಡಿಯಾಗಿ ನೆಟ್ಟಗೆ ನಿಂತ ಬಿಳಿ ಮುಳ್ಳು. ಯಾರೂ ನೆಟ್ಟದ್ದಲ್ಲ, ಯಾರೂ ನೀರು ಹಾಕಿದ್ದಲ್ಲ. ಆಡು ಕಾಯಿ ತಿಂದು ಬದುವಿನ ಮೇಲೆ ಹಿಕ್ಕೆ ಹಾಕಿದಲ್ಲಿ ಎದ್ದು ನಿಂತದ್ದು.

ಆ ಗಿಡಕ್ಕೆ ನನ್ನಷ್ಟು ವಯಸ್ಸಾಗಿತ್ತೆಂದು ಮನೆಯವರ ಲೆಕ್ಕ. 2019ರ ಆಗಸ್ಟಿನ ಮಹಾಪೂರ ಅದರ ಬೇರಿನ ಮಣ್ಣನ್ನು ಒಂದು ಮಗ್ಗುಲಿಗೆ ತೊಳೆದುಕೊಂಡು ಹೋಯಿತು. ಅಂದಿನಿಂದ ವಾಲುತ್ತ ವಾಲುತ್ತ ಈಗ ಬಾವಿಯ ಕಟ್ಟೆಯ ಮೇಲೆ ಬೀಳುವ ಹಾಗಾಗಿತ್ತು. ಹೊಲ ತಮ್ಮದೆಂದ ಮಾತ್ರಕ್ಕೆ ಗಿಡಕ್ಕೆ ಕೊಡಲಿ ಹಾಕುವಂತಿಲ್ಲ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಇದೆ, ವಿನಾಯಿತಿ ಪಡೆದ ಕೆಲವು ಜಾತಿಗಳನ್ನು ಬಿಟ್ಟರೆ ಅರಣ್ಯ ಇಲಾಖೆಯ ಅನುಮತಿ ಬೇಕು. ಆ ಕಾಗದ ಕೈಗೆ ಬಂದ ಮೇಲೆ, ಮಾಘಮಾಸದ ಕೊನೆಗೆ, ಅಮಾವಾಸ್ಯೆ ಹತ್ತಿರವಿದ್ದ ಒಂದು ಬೆಳಗ್ಗೆ ಕಡಿಯುವವರು ಬಂದರು. ಬೆಳುದಿಂಗಳ ಪಕ್ಷದಲ್ಲಿ ಕಡಿದ ಕಟ್ಟಿಗೆಗೆ ಕುಟ್ಟೆ ಹಿಡಿಯುತ್ತದೆ ಎಂಬುದು ಬಡಿಗೇರರ ಹಳೆಯ ನಂಬಿಕೆ. ಚಳಿ ಇಳಿಯುವ ಮುನ್ನ, ಹೊಸ ಚಿಗುರಿಗೆ ರಸ ಏರುವ ಮುನ್ನ ಕಡಿಯುವುದರಲ್ಲಿ ಅರ್ಥವಿದೆ ಎಂಬುದಂತೂ ನನ್ನ ಅನುಭವಕ್ಕೂ ಬಂದಿದೆ.

ನಾಲ್ವರಲ್ಲಿ ಹಿರಿಯರನ್ನು ಎಲ್ಲರೂ ಕಾಕಾ ಎನ್ನುತ್ತಿದ್ದರು. ಎಪ್ಪತ್ತು ದಾಟಿದ ದೇಹ, ಹೆಗಲ ಮೇಲೆ ಕೊಡಲಿ. ಇನ್ನೊಬ್ಬ ಹುಡುಗನ ಕೈಯಲ್ಲಿ ಮಷೀನು. ಚೈನ್ ಸಾ ಅನ್ನುವುದಕ್ಕೆ ನಮ್ಮಲ್ಲಿ ಕಟಿಂಗ್ ಮಷೀನು ಅನ್ನುತ್ತಾರೆ. 58 ಸಿಸಿ, 22 ಇಂಚಿನ ಬಾರು, ಸಂತೆಪೇಟೆಯ ಅಂಗಡಿಗಳಲ್ಲೂ ಸಿಗುವಂಥದ್ದು. ಉಳಿದಿಬ್ಬರು ಹಗ್ಗ, ಹಾರೆ, ಕಬ್ಬಿಣದ ಬೆಣೆ ಹಿಡಿದಿದ್ದರು. ಹುಡುಗ ಬಂದವನೇ ಮಷೀನಿನ ದಾರ ಎಳೆಯಲು ಬಗ್ಗಿದ. ಕಾಕಾ ತಡೆದರು.

“ಏ ತಮ್ಮಾ, ತಡಿ. ಮೊದಲ ತೊಗಟಿ ತಗಿಯೋಣು. ಹೊಳಿ ಉಸುಕ ಕುಂತೈತಿ ಅದರಾಗ. ಚೈನ್ ತಿಂತೈತಿ.”

ಜಾಲಿಯ ತೊಗಟೆಯನ್ನು ಹತ್ತಿರದಿಂದ ನೋಡಿದ್ದೀರಾ? ಕಪ್ಪು, ಒರಟು, ಬೇಸಿಗೆಯ ಎರೆಹೊಲದಂತೆ ಉದ್ದುದ್ದಕ್ಕೆ ಬಿರಿದದ್ದು. ಆ ಬಿರುಕುಗಳಲ್ಲಿ ಪೂರದ ನೀರು ಬಿಟ್ಟುಹೋದ ನುಣ್ಣನೆಯ ಉಸುಕು ಇಷ್ಟು ವರ್ಷವಾದರೂ ಹಾಗೇ ಕೂತಿತ್ತು. ಕಾಕಾ ಮೊಣಕಾಲಿನ ಎತ್ತರದಲ್ಲಿ ಗಿಡದ ಸುತ್ತ ಒಂದು ಮೊಳ ಅಗಲದ ಪಟ್ಟಿಯಷ್ಟು ತೊಗಟೆಯನ್ನು ಕೊಡಲಿಯಿಂದ ಸುಲಿದರು. ಹೊರಗೆ ಕಪ್ಪಾದದ್ದು ಒಳಗೆ ಇಟ್ಟಿಗೆಗೆಂಪು. ಸುಲಿದ ಚಕ್ಕೆಗಳನ್ನು ಎಸೆಯದೆ ಒಂದು ಗೋಣಿಚೀಲಕ್ಕೆ ತುಂಬಿದರು. ಅದಕ್ಕೆ ಬೇರೆ ಗಿರಾಕಿ ಇದ್ದಾರೆ, ಆಮೇಲೆ ಹೇಳುತ್ತೇನೆ.

ಆಮೇಲೆ ಕೊಡಲಿಯನ್ನು ತಿರುವಿ, ಅದರ ಹಿಂಬದಿಯಿಂದ ಬೊಡ್ಡೆಯ ಮೇಲೆ ನಾಲ್ಕು ಕಡೆ ತಟ್ಟಿದರು. ನನ್ನನ್ನು ಹತ್ತಿರ ಕರೆದರು. “ಇಲ್ಲೆ ಕಿವಿ ಕೊಡ್ರಿ. ಟಣ್ ಅಂತೈತಿಲ್ರಿ? ಒಳಗ ಗಟ್ಟಿ ಐತಿ. ಈಗ ಇಲ್ಲಿ ಕೇಳ್ರಿ.” ಆ ಮಗ್ಗುಲಿನ ಸದ್ದು ಒಂದೆಳೆ ಮಂದ. ಸಂಗೀತ ಬಲ್ಲವರು ತಬಲಾದ ಕರಣೆಯ ಅಂಚಿಗೂ ನಡುವಿಗೂ ಇರುವ ವ್ಯತ್ಯಾಸ ಹೇಳುವಂತೆ, ಅವರು ಬೆರಳಿಟ್ಟು ತೋರಿಸಿದರು: ಇಲ್ಲಿಂದ ಇಲ್ಲಿತನಕ ಪೊಳ್ಳು, ಒಂದು ಗೇಣು. ಮಧ್ಯಾಹ್ನ ಕೊಯ್ದು ನೋಡಿದಾಗ ಪೊಳ್ಳು ಒಂದು ಗೇಣೇ ಇತ್ತು.

ಇನ್ನು ಮಷೀನಿನ ಸರದಿ. ಈ ಯಂತ್ರದ ವಂಶವೃಕ್ಷ ಜರ್ಮನಿಗೆ ಹೋಗುತ್ತದೆ. ಆಂಡ್ರಿಯಾಸ್ ಸ್ಟಿಲ್ 1926ರಲ್ಲಿ ವಿದ್ಯುತ್ತಿನ ಚೈನ್ ಗರಗಸ ಮಾಡಿದಾಗ ಅದನ್ನು ಹಿಡಿಯಲು ಇಬ್ಬರು ಬೇಕಾಗಿತ್ತು. ಈಗ ಒಬ್ಬ ಹುಡುಗನ ಕೈಗೆ ಬಂದಿದೆ, ಚೈನು ಸೆಕೆಂಡಿಗೆ ಸುಮಾರು 20 ಮೀಟರ್ ಓಡುತ್ತದೆ. ಒಂದು ಲೀಟರ್ ಪೆಟ್ರೋಲಿಗೆ 40 ಮಿಲಿ ಟೂ ಟಿ ಆಯಿಲ್ ಬೆರೆಸಬೇಕು. ಅವಸರಕ್ಕೆ ಅಳತೆ ತಪ್ಪಿ ಕಡಿಮೆಯಾಯಿತೋ, ಪಿಸ್ಟನ್ ಸಿಲಿಂಡರಿಗೆ ಕಚ್ಚಿ ಹಿಡಿದು ಯಂತ್ರ ಅಲ್ಲೇ ಮಲಗುತ್ತದೆ. ಹೆಚ್ಚಾದರೆ ಹೊಗೆ ಕಾರಿ ಪ್ಲಗ್ಗಿಗೆ ಮಸಿ ಕಟ್ಟುತ್ತದೆ. ಆ ಹುಡುಗ ಬೆರೆಸುವುದಕ್ಕೆ ಔಷಧಿಯ ಬಾಟಲಿಯ ಗೆರೆಯಿದ್ದ ಮುಚ್ಚಳ ಇಟ್ಟುಕೊಂಡಿದ್ದ. ನಾಲ್ಕು ಮುಚ್ಚಳ, ಕಣ್ಣಿನ ಮಟ್ಟಕ್ಕೆ ಹಿಡಿದು ಸುರಿದ. ನಮ್ಮ ಅವ್ವ ಕೂಸಿಗೆ ಬಜೆ ತೇಯುತ್ತಿದ್ದ ಎಚ್ಚರ ಅದರಲ್ಲಿತ್ತು.

ಆದರೂ ಮಷೀನು ಹಿಡಿಯಲಿಲ್ಲ. ಎಳೆದ, ಎಳೆದ, ತೋಳು ಸೋತವು. ಏರ್ ಫಿಲ್ಟರ್ ಬಿಚ್ಚಿ ಝಾಡಿಸಿದ. ಪ್ಲಗ್ ಬಿಚ್ಚಿ ಉಜ್ಜಿ ಒರೆಸಿದ. ಕೊನೆಗೆ ಕಾರ್ಬೊರೇಟರ್ ಬಿಚ್ಚಿದಾಗ ಒಳಗಿನ ತೆಳು ರಬ್ಬರಿನ ಪೊರೆ ಹಪ್ಪಳದಂತೆ ಸೆಟೆದಿತ್ತು. ಮಳೆಗಾಲದಿಂದ ಟ್ಯಾಂಕಿನಲ್ಲಿ ಪೆಟ್ರೋಲು ಬಿಟ್ಟಿದ್ದ. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ನೂರಕ್ಕೆ ಇಪ್ಪತ್ತರಷ್ಟು ಎಥನಾಲ್ ಇರುತ್ತದೆ. ಎಥನಾಲ್ ಗಾಳಿಯ ತೇವ ಹೀರುತ್ತದೆ, ಬಹಳ ದಿನ ನಿಂತರೆ ನೀರಿನೊಡನೆ ಸೇರಿ ತಳಕ್ಕಿಳಿಯುತ್ತದೆ, ರಬ್ಬರನ್ನು ಕೆಡಿಸುತ್ತದೆ. ದೇಶದ ಎಥನಾಲ್ ಬಹುಪಾಲು ಕಬ್ಬು, ಮೆಕ್ಕೆಜೋಳ, ಅಕ್ಕಿಯದು. ಈ ಐದೂ ತಾಲ್ಲೂಕಿನಲ್ಲಿ ಎತ್ತ ನೋಡಿದರೂ ಕಬ್ಬು. ನಮ್ಮದೇ ಗದ್ದೆಯ ಸಿಹಿ ಸುತ್ತುಬಳಸಿ ಬಂದು ನಮ್ಮದೇ ಹುಡುಗನ ಮಷೀನಿನ ಗಂಟಲಲ್ಲಿ ಕೂತಿತ್ತು. ಅವನಿಗೆ ಅದು ಅನುಭವದಿಂದ ಗೊತ್ತು. ಜೇಬಿನಿಂದ ಹೊಸ ಪೊರೆ ತೆಗೆದ. ಅದಿಲ್ಲದೆ ಮನೆ ಬಿಡುವುದಿಲ್ಲವಂತೆ. ಕೆಲಸ ಮುಗಿದ ದಿನ ಟ್ಯಾಂಕು ಬರಿದು ಮಾಡಿ, ಮಷೀನು ತಾನಾಗಿ ಆರುವತನಕ ಓಡಿಸಿ ಇಡಬೇಕು ಎಂಬುದು ಅವನು ದುಡ್ಡು ಕಳೆದುಕೊಂಡು ಕಲಿತ ಪಾಠ.

ಅಷ್ಟು ಹೊತ್ತು ಕಾಕಾ ಸುಮ್ಮನಿರಲಿಲ್ಲ. ಗಿಡ ಬೀಳಬೇಕಾದ ದಿಕ್ಕಿಗೆ ಕೊಡಲಿಯಿಂದ ಕಚ್ಚು ಹಾಕುತ್ತಿದ್ದರು. ಗಿಡದ ಭಾರ ಬಾವಿಯ ಕಡೆ. ಅದನ್ನು ತಿರುವಿ ಬಯಲಿಗೆ ಬೀಳಿಸಬೇಕು. ಮೇಲಿನ ಏಟು ಓರೆ, ಕೆಳಗಿನ ಏಟು ನೇರ, ನಡುವಿನಿಂದ ಒಂದು ಚಕ್ಕೆ ಪುಟಿದು ಬೀಳುವುದು. ಒಂದೊಂದು ಚಕ್ಕೆಯೂ ಅಂಗೈಯಷ್ಟು, ಒಂದರ ಅಂಚಿನಂತೆ ಇನ್ನೊಂದರ ಅಂಚು. ಎಪ್ಪತ್ತು ದಾಟಿದವರ ತೋಳಿನಲ್ಲಿ ಇದು ಬಲದ ಮಾತಾಗಿರಲಿಲ್ಲ. ಕೊಡಲಿ ತನ್ನ ಭಾರದಿಂದಲೇ ಬೀಳುತ್ತಿತ್ತು, ಅವರು ಅದಕ್ಕೆ ದಾರಿ ತೋರಿಸುತ್ತಿದ್ದರಷ್ಟೆ.

ಆ ಕೊಡಲಿಯನ್ನು ನಾನು ಕೇಳಿ ಕೈಗೆ ತೆಗೆದುಕೊಂಡೆ. ಬಾಯಿಯಿಂದ ಎರಡು ಬೆರಳಿನಷ್ಟು ಒಳಗೆ ನೀಲಿಗಪ್ಪು ಬಣ್ಣ ಏರಿತ್ತು. ಜಾಲಿಯ ಒಗರು ಕಬ್ಬಿಣಕ್ಕೆ ತಾಗಿದರೆ ಹಾಗಾಗುತ್ತದೆ. ಹಿಂದೆ ಅಳಲೆಕಾಯಿಯ ಕಷಾಯಕ್ಕೆ ಅನ್ನಭೇದಿ ಹಾಕಿ ಬರೆಯುವ ಮಸಿ ಮಾಡುತ್ತಿದ್ದದ್ದೂ ಇದೇ ಒಗರಿನ ಗುಣದಿಂದ. ಕಾಕಾನ ಅಂಗೈ ಗೆರೆಗಳಲ್ಲೂ ಆ ಮಸಿಯೇ ಕೂತಿದೆ. ಸಂಜೆ ಒರೆಸಿ ಎಣ್ಣೆ ಹಚ್ಚದೆ ಬಿಟ್ಟರೆ ಬೆಳಗಾಗುವಷ್ಟರಲ್ಲಿ ಈ ಒಗರು ಅಲಗನ್ನು ತಿನ್ನುತ್ತದೆ. ಇನ್ನು ಅಲಗಿನ ಹದ. ಕಂಬಾರ ಕುಲುಮೆಯಲ್ಲಿ ಕಾಸಿ, ಹಣಿದು, ನೀರು ಕುಡಿಸುವಾಗ ಹದ ಮಿಗಿಲಾದರೆ ಜಾಲಿಯ ಗಂಟಿಗೆ ತಾಗಿ ಅಲಗಿನ ಚೂರು ಹಾರುತ್ತದೆ, ಕಡಿಮೆಯಾದರೆ ಬಾಯಿ ಮಡಚುತ್ತದೆ. ಬೇವು, ಮಾವಿಗೆ ನಡೆಯುವ ಹದ ಜಾಲಿಗೆ ನಡೆಯುವುದಿಲ್ಲ. ಕಾವು ಕೂಡ ಜಾಲಿಯದೇ. ಬೇಸಿಗೆಯಲ್ಲಿ ಕಾವು ಒಣಗಿ ಸಣ್ಣದಾಗಿ ಕೊಡಲಿ ಸಡಿಲಾಗುತ್ತದೆ, ಬೀಸಿದರೆ ಕಳಚಿ ಯಾರ ಮೈಮೇಲಾದರೂ ಬಿದ್ದೀತು. ಅದಕ್ಕೇ ಹಿಂದಿನ ರಾತ್ರಿ ಕೊಡಲಿಯನ್ನು ಕಾವಿನ ಸಮೇತ ಕೊಡದ ನೀರಿನಲ್ಲಿ ತಲೆಕೆಳಗಾಗಿ ನಿಲ್ಲಿಸಿಟ್ಟಿರುತ್ತಾರೆ. ಕೊಡಲಿ ಕಾವು ಕುಲಕ್ಕೆ ಮೂಲ ಎಂಬ ಗಾದೆಯನ್ನು ನಾವು ಬೈಗುಳದಂತೆ ಬಳಸುತ್ತೇವೆ. ಬೆವರಿನಿಂದ ನಯವಾಗಿ ಹುಣಸೆಬೀಜದ ಬಣ್ಣಕ್ಕೆ ತಿರುಗಿದ್ದ ಆ ಕಾವನ್ನು ಹಿಡಿದಾಗ ನನಗೆ ಗಾದೆ ನೆನಪಾಗಲಿಲ್ಲ, ನನ್ನ ಅಜ್ಜನ ಮೊಣಕೈ ನೆನಪಾಯಿತು.

ಕೊನೆಗೆ ಮಷೀನು ಹತ್ತಿತು. ಮೊದಲು ಉದುರಿದ್ದು ಬಿಳಿ ಹೊಟ್ಟು, ಹೊಸ ರವೆಯಂತೆ. ಬೊಡ್ಡೆಯ ಹೊರಸುತ್ತು ಬಿಳಿ. ಅದು ಮೆತ್ತಗೆ, ಹುಳಕ್ಕೆ ರುಚಿ. ನಾಲ್ಕು ಬೆರಳು ಒಳಗೆ ಹೋಗುತ್ತಿದ್ದಂತೆ ಯಂತ್ರದ ದನಿ ಬದಲಾಯಿತು. ಕಿರುಚುತ್ತಿದ್ದದ್ದು ಗಂಟಲು ಇಳಿಸಿ ಗುರುಗುಟ್ಟತೊಡಗಿತು. ಹಗ್ಗ ಹಿಡಿದಿದ್ದವನು ಕೂಗಿದ, “ಕೆಂಪ ಬಂತ್ರಿ ಕಾಕಾ!” ಉದುರುತ್ತಿದ್ದ ಹೊಟ್ಟು ಕುಂಕುಮ ಕಲಸಿದ ಅರಿಶಿನದ ಬಣ್ಣಕ್ಕೆ ತಿರುಗಿತ್ತು. ಅದೇ ಕೆಚ್ಚು. ಜೊತೆಗೇ ಒಂದು ವಾಸನೆ ಎದ್ದಿತು, ಒಗರು, ಹಸಿ, ಸ್ವಲ್ಪ ಹುಳಿ. ಅಥಣಿಯ ಚಪ್ಪಲಿ ಅಂಗಡಿಯಲ್ಲಿ ಹೊಸ ಜೋಡನ್ನು ಮೂಗಿನ ಹತ್ತಿರ ತಂದಾಗ ಬರುವ ವಾಸನೆಯ ತಾಯಿ ಅದು.

ಅಷ್ಟರಲ್ಲಿ ‘ಕಟ್’ ಎಂದು ಕಿಡಿ ಹಾರಿತು. ಹುಡುಗ ಮಷೀನು ಆರಿಸಿದ. ಕೊಯ್ಲಿನೊಳಗೆ ನೋಡಿದರೆ ತಂತಿ. ಯಾವ ಕಾಲದಲ್ಲೋ ಯಾರೋ ಬೇಲಿಯ ಮುಳ್ಳುತಂತಿಯನ್ನು ಆ ಗಿಡಕ್ಕೆ ಸುತ್ತಿದ್ದರು. ಗಿಡ ಅದನ್ನು ಉಗುಳದೆ, ಸುತ್ತ ಬೆಳೆದು, ನುಂಗಿ, ಕೆಚ್ಚಿನೊಳಗೆ ಇಟ್ಟುಕೊಂಡಿತ್ತು. ಬದುವಿನ ಗಿಡ ಕಡಿಯುವವರಿಗೆ ಇದರಷ್ಟು ದೊಡ್ಡ ಶತ್ರು ಬೇರೊಂದಿಲ್ಲ. ದೇವರ ಪಟ ತೂಗುಹಾಕಿದ ಮೊಳೆ, ಚುನಾವಣೆಯ ಬೋರ್ಡಿನ ಮೊಳೆ, ಎತ್ತು ಕಟ್ಟಿದ ಬಳೆ, ಎಲ್ಲವೂ ಗಿಡದ ಹೊಟ್ಟೆಯಲ್ಲಿರುತ್ತವೆ. ಒಂದು ಮೊಳೆಗೆ ಚೈನಿನ ಹತ್ತು ಹಲ್ಲು ಬಾಯಿ ಸತ್ತುಹೋಗುತ್ತವೆ.

ಹುಡುಗ ಬದುವಿನ ಮೇಲೆ ಕೂತು ಮಷೀನನ್ನು ತೊಡೆಯ ನಡುವೆ ಇಟ್ಟುಕೊಂಡ. ಚೀಲದಿಂದ ಅರ ತೆಗೆದ. ಗಡಿಭಾಗದ ಬಾಯಲ್ಲಿ ಅದು ಕಾನಸ. ಪೆನ್ಸಿಲಿಗಿಂತ ಸಣ್ಣದು, ದುಂಡಗಿನದು, 4.8 ಮಿಲಿಮೀಟರ್ ದಪ್ಪ. ಚೈನಿನಲ್ಲಿ ಸುಮಾರು ನಲವತ್ತು ಹಲ್ಲು, ಒಂದು ಎಡಕ್ಕೆ ಬಾಗಿದ್ದರೆ ಮುಂದಿನದು ಬಲಕ್ಕೆ. ಎಡದವನ್ನೆಲ್ಲ ಮುಗಿಸಿ ಮಷೀನು ತಿರುವಿ ಬಲದವನ್ನು ಮಸೆಯಬೇಕು. ಕಾನಸವನ್ನು ಮುಂದಕ್ಕೆ ಮಾತ್ರ ಒತ್ತಬೇಕು, ಹಿಂದಕ್ಕೆ ಬರುವಾಗ ಎತ್ತಬೇಕು. ಹಲ್ಲಿಗೆ ಮೂರು ಎಳೆತ ಅಂದರೆ ಎಲ್ಲಕ್ಕೂ ಮೂರೇ. ಒಂದು ಮಗ್ಗುಲಿಗೆ ಮೂರು, ಇನ್ನೊಂದಕ್ಕೆ ನಾಲ್ಕಾದರೆ ಕೊಯ್ಲು ನೆಟ್ಟಗೆ ಹೋಗದೆ ಬಾಳೆಕಾಯಿಯಂತೆ ಬಾಗುತ್ತದೆ, ಬಾರು ಸಿಕ್ಕಿಬೀಳುತ್ತದೆ. ಝಿರ್, ಝಿರ್, ಝಿರ್, ಬಿಡುವು. ಝಿರ್, ಝಿರ್, ಝಿರ್, ಬಿಡುವು. ಬಾಯಲ್ಲಿ ಎಣಿಸುತ್ತಿರಲಿಲ್ಲ, ಆದರೂ ಒಮ್ಮೆಯೂ ಲೆಕ್ಕ ತಪ್ಪಲಿಲ್ಲ. ಕಬ್ಬಿನ ಗದ್ದೆಯ ಮೇಲೆ ಬಿಸಿಲೇರುತ್ತಿತ್ತು, ಎಲ್ಲಿಯೋ ಪಂಪಿನ ಸದ್ದು, ದೂರದಲ್ಲಿ ಕುಡಚಿಯ ಕಡೆ ರೈಲು. ಮಸೆದ ಹಲ್ಲಿನ ಅಂಚನ್ನು ಬಿಸಿಲಿಗೆ ಹಿಡಿದು ನೋಡುತ್ತಿದ್ದ. ಅಂಚು ಮಿನುಗಿದರೆ ಇನ್ನೂ ಮೊಂಡು. ಬೆಳಕನ್ನು ನುಂಗಿ ಕಾಣದಂತಾದರೆ ಹರಿತ. ಹರಿತವಾದದ್ದು ಕಣ್ಣಿಗೆ ಕಾಣುವುದಿಲ್ಲ ಎಂಬ ಈ ಮಾತನ್ನು ಆ ಹುಡುಗ ಎಷ್ಟು ಸಹಜವಾಗಿ ಹೇಳಿದನೆಂದರೆ, ನಾನು ಮನೆಗೆ ಬಂದು ಮಜ್ಜಿಗೆ ಕುಡಿಯುವಾಗಲೂ ಅದನ್ನೇ ಮೆಲುಕು ಹಾಕುತ್ತಿದ್ದೆ.

ಹರಿತವಾದ ಚೈನಿನಿಂದ ಚೂರು ಚೂರಾದ ಚಕ್ಕೆ ಬೀಳುತ್ತವೆ, ಮೊಂಡಾದದ್ದರಿಂದ ಹಿಟ್ಟು. ಜಾಲಿಯಲ್ಲಿ ಚಕ್ಕೆ ಹಿಟ್ಟಾಗುವುದಕ್ಕೆ ಬಹಳ ಹೊತ್ತು ಬೇಕಿಲ್ಲ. ಅದರ ಗಡಸುತನ ತೇಗದ ಹತ್ತಿರ ಹತ್ತಿರ ಎರಡು ಪಟ್ಟು. ಒಂದು ಘನ ಅಡಿ ಒಣ ತೇಗ ಸುಮಾರು 18 ಕಿಲೋ ತೂಗಿದರೆ ಜಾಲಿ 22 ಕಿಲೋ ದಾಟುತ್ತದೆ. ಇಪ್ಪತ್ತು ವರ್ಷದ ಹಿಂದಿನತನಕ ಇದೇ ಗಿಡಗಳನ್ನು ಇಬ್ಬರು ಹಿಡಿಯುವ ಕರಗಸದಿಂದ ಕೊಯ್ಯುತ್ತಿದ್ದರು. ಕಾಕಾನ ಮನೆಯ ತೊಲೆಗೆ ಅದು ಈಗಲೂ ತೂಗುತ್ತಿದೆ. “ಕರಗಸಕ್ಕ ಎಳಿಯೋದಷ್ಟ ಗೊತ್ತ್ರಿ, ದೂಡೋದ ಗೊತ್ತಿಲ್ಲ,” ಎಂದರು. ನೀವು ನಿಮ್ಮ ಕಡೆ ಎಳೆದ ಮೇಲೆ ಕೈ ಸಡಿಲ ಬಿಡಬೇಕು, ಎದುರಿನವನು ಎಳೆದುಕೊಳ್ಳುತ್ತಾನೆ. ಅವಸರ ಮಾಡಿ ದೂಡಿದರೆ ಅಲಗು ಬಳುಕಿ ಮುರಿಯುತ್ತದೆ. ಹತ್ತು ವರ್ಷ ಜೊತೆಗೆ ಎಳೆದ ಜೋಡಿ ಒಬ್ಬರಿಗೊಬ್ಬರು ಮಾತಾಡುತ್ತಲೇ ಇರಲಿಲ್ಲವಂತೆ, ಉಸಿರೇ ಸಾಕಾಗುತ್ತಿತ್ತು. ಕಾಕಾನ ಜೋಡಿಯವರು ತೀರಿಕೊಂಡ ಮೇಲೆ ಆ ಕರಗಸವನ್ನು ಅವರು ಇನ್ನೊಬ್ಬರೊಡನೆ ಎಳೆದಿಲ್ಲ.

ಗಿಡ ಬಿತ್ತು. ಬೆಣೆ ಹೊಡೆದು, ಹಗ್ಗ ಬಿಗಿದು, ಬಾವಿಯ ಕಡೆಯ ಭಾರವನ್ನು ಬಯಲಿಗೆ ತಿರುವಿದರು. ಬೀಳುವ ಮುನ್ನ ಕೆಚ್ಚಿನ ಎಳೆಗಳು ಒಂದೊಂದೇ ಹರಿಯುವ ಸದ್ದು ಬಂತು. ಕಾಕಾ ಟೊಪಗಿ ತೆಗೆದು ಕೈಯಲ್ಲಿ ಹಿಡಿದರು. ಯಾಕೆಂದು ನಾನು ಕೇಳಲಿಲ್ಲ.

ಮಷೀನಿನ ಬಾರಿನ ತುದಿಯ ಮೇಲ್ಮೂಲೆ ಎಲ್ಲಿಯಾದರೂ ತಾಗಿದರೆ ಅದು ಮುಖದ ಕಡೆ ಒದೆಯುತ್ತದೆ. ಆ ಹುಡುಗ ರಬ್ಬರಿನ ಚಪ್ಪಲಿಯಲ್ಲಿದ್ದ, ಕಣ್ಣಿಗೆ ಕನ್ನಡಕವಿಲ್ಲ, ಕಿವಿಯಲ್ಲಿ ಒಂದು ಚೂರು ಅರಳೆ. ಇಷ್ಟು ಸೂಕ್ಷ್ಮ ಬಲ್ಲ ಕೈಗಳಿಗೆ ಒಂದು ಗಟ್ಟಿ ಬೂಟು, ಒಂದು ಕನ್ನಡಕ ನಾವು ಗಿಡದ ಮಾಲೀಕರಾದರೂ ಒದಗಿಸಬೇಕಲ್ಲವೇ ಎಂದು ಆ ದಿನವೇ ಬೀಗರಿಗೆ ಹೇಳಿದೆ. ಈಗ ಅವರ ಮನೆಯಲ್ಲಿ ಒಂದು ಜೊತೆ ಇದೆ, ಬಂದವರು ಹಾಕಿಕೊಂಡು ಕೆಲಸ ಮಾಡುತ್ತಾರೆ.

ಒಂದೂಕಾಲು ಅಡಿ ದಪ್ಪ, ಎಂಟು ಅಡಿ ಉದ್ದದ ಹಸಿ ಜಾಲಿಯ ದಿಮ್ಮಿ 300 ಕಿಲೋದಷ್ಟು ತೂಗುತ್ತದೆ. ಎರಡು ಗಟ್ಟಿ ಗಳ ಓರೆಯಿಟ್ಟು, ಹಗ್ಗ ಸುತ್ತಿ, ಹೈಸಾ ಹೈಸಾ ಎಂದು ಉರುಳಿಸಿ ಟ್ರ್ಯಾಲಿಗೇರಿಸಿದರು. ಕಟ್ಟಿಗೆ ಹೊತ್ತು ಮಾರಿ ಕಾಯಕ ಮಾಡಿದ ಮೋಳಿಗೆ ಮಾರಯ್ಯನನ್ನು ಶರಣರ ಸಾಲಿನಲ್ಲಿ ಕೂರಿಸಿದ ನಾಡು ನಮ್ಮದು. ಆ ಟ್ರ್ಯಾಲಿಯ ಹಿಂದೆ ನಡೆಯುವಾಗ ಅವನು ಬರೀ ಪುರಾಣದವನೆಂದು ನನಗೆ ಅನ್ನಿಸಲಿಲ್ಲ.

ದಿಮ್ಮಿ ಹೋದದ್ದು ಅಥಣಿ ತಾಲ್ಲೂಕಿನ ಒಬ್ಬ ಬಡಿಗೇರರ ಹಿತ್ತಲಿಗೆ. ಅವರು ಅದನ್ನು ಮುಟ್ಟಲಿಲ್ಲ, ಹಳ್ಳದ ಮಡುವಿನಲ್ಲಿ ಮುಳುಗಿಸಿದರು. ಆರು ತಿಂಗಳು ನೀರಿನಲ್ಲಿದ್ದರೆ ಬಿಳಿ ಭಾಗದ ಸತ್ವ ತೊಳೆದುಹೋಗುತ್ತದೆ, ಕುಟ್ಟೆ ಹಿಡಿಯುವುದಿಲ್ಲ. ಮೇಲೆತ್ತಿದಾಗ ಕಪ್ಪು ನೀರು ಸುರಿಯುತ್ತದೆ, ಹತ್ತಿರ ನಿಲ್ಲಲಾಗದ ವಾಸನೆ. ಆಮೇಲೆ ನೆರಳಿನಲ್ಲಿ ಇನ್ನೊಂದು ವರ್ಷ. ಅಷ್ಟಾದ ಮೇಲೆ ಬಾಚಿ ತಾಗಿಸಿದರೆ ಒಳಗಿನ ಕೆಂಪು ಕಂದಾಗಿ, ಕಂದು ಬೆಲ್ಲದ ಪಾಕದ ಬಣ್ಣವಾಗಿ ಹೊಳೆಯುತ್ತದೆ. ಚಿಕ್ಕೋಡಿಯ ಕಡೆಯ ಗಾಣದಲ್ಲಿ ಕೊಪ್ಪರಿಗೆ ಇಳಿಸುವ ಮುನ್ನಿನ ಗಳಿಗೆಯಲ್ಲಿ ಪಾಕಕ್ಕೆ ಬರುವ ಬಣ್ಣ ನೆನಪಿರುವವರಿಗೆ ಇದಕ್ಕಿಂತ ಬೇರೆ ಹೇಳಬೇಕಿಲ್ಲ.

ಈ ಕಟ್ಟಿಗೆಯಿಂದ ಏನೇನಾಗುತ್ತಿತ್ತು ಎಂಬ ಪಟ್ಟಿ ಉದ್ದ. ಕುಂಟೆಯ ದಿಂಡು, ಕೂರಿಗೆಯ ದಿಂಡು, ಒನಕೆ, ಗೂಟ. ನನ್ನ ಕಣ್ಣಿಗೆ ಕಟ್ಟಿರುವುದು ಮಾತ್ರ ಚಕ್ಕಡಿಯ ಗಾಲಿ. ನಡುವಿನ ಗುಂಬ, ಅದಕ್ಕೆ ನೆಟ್ಟ ಅರೆಕಾಲು, ಸುತ್ತಲೂ ಬಾಗಿದ ತುಂಡುಗಳು, ಎಲ್ಲ ಜಾಲಿ. ಒಂದು ಮೊಳೆ ಇಲ್ಲ. ನಾನು ಸಣ್ಣವನಿದ್ದಾಗ ಹಳಿ ಏರಿಸುವುದನ್ನು ನೋಡಲು ಸಾಲಿ ತಪ್ಪಿಸಿದ್ದೆ. ಗಾಲಿಗಿಂತ ಒಂದು ಎಳೆ ಚಿಕ್ಕದಾಗಿ ಬೆಸೆದ ಕಬ್ಬಿಣದ ಬಳೆಯನ್ನು ನೆಲದಲ್ಲಿಟ್ಟು ಸುತ್ತ ಕುಳ್ಳು ಒಟ್ಟಿ ಬೆಂಕಿ ಹಾಕುತ್ತಾರೆ. ಕಬ್ಬಿಣ ಕೆಂಪಾಗಿ ಹಿಗ್ಗುತ್ತದೆ. ನಾಲ್ವರು ಇಕ್ಕಳದಿಂದ ಎತ್ತಿ ಗಾಲಿಯ ಮೇಲೆ ಇಳಿಸುತ್ತಾರೆ. ಜಾಲಿ ಭಗ್ಗನೆ ಹೊತ್ತಿಕೊಳ್ಳುತ್ತದೆ. ಆ ಕ್ಷಣಕ್ಕೇ ಕೊಡ ಕೊಡ ನೀರು. ಹಬೆಯೊಳಗಿಂದ ‘ಕರ್, ಕರ್’ ಎಂದು ಸದ್ದು ಬರುತ್ತದೆ. ಕುಗ್ಗುತ್ತಿರುವ ಕಬ್ಬಿಣ ಜಾಲಿಯ ಒಂದೊಂದು ಸಂದನ್ನೂ ಹಿಂಡಿ ಒಳಕ್ಕೆ ಕೂರಿಸುವ ಸದ್ದು ಅದು. ಬೇರೆ ಕಟ್ಟಿಗೆಯಾಗಿದ್ದರೆ ಆ ಹಿಡಿತಕ್ಕೆ ಸೀಳಿ ಹೋಗುತ್ತಿತ್ತು. ಜಾಲಿ ಸೀಳಲಿಲ್ಲ, ನರಳಿ ಗಟ್ಟಿಯಾಯಿತು.

ಆಮೇಲೆ ಕಟ್ಟಿಗೆಯ ಜಾಗಕ್ಕೆ ಕಬ್ಬಿಣ ಬಂತು. ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ಆರಂಭಿಸಿದ ಲಕ್ಷ್ಮಣರಾವ್ ಕಿರ್ಲೋಸ್ಕರರು ಕಬ್ಬಿಣದ ನೇಗಿಲು ಮಾಡಿದಾಗ ಕಬ್ಬಿಣ ಭೂಮಿಗೆ ವಿಷವೆಂದು ರೈತರು ಬಹಳ ದಿನ ಕೊಳ್ಳಲಿಲ್ಲವಂತೆ. 1910ರಲ್ಲಿ ಅವರ ಕಾರ್ಖಾನೆ ಈಗಿನ ಕಿರ್ಲೋಸ್ಕರವಾಡಿಗೆ ಹೋಯಿತು. ಭೂಮಿಗೆ ವಿಷವಾಗಲಿಲ್ಲ. ಕಬ್ಬಿಣ ಗೆದ್ದಿತು, ಆಮೇಲೆ ಟ್ರ್ಯಾಕ್ಟರ್ ಗೆದ್ದಿತು. ಅದರ ಬಗ್ಗೆ ನನಗೆ ದೂರಿಲ್ಲ. ಎತ್ತಿನ ಹೆಗಲು ಹಗುರಾಯಿತು.

ಗೋಣಿಚೀಲದ ತೊಗಟೆಯ ವಿಷಯ ಬಾಕಿ ಇದೆ. ಅಥಣಿ, ನಿಪ್ಪಾಣಿ, ಮದಭಾವಿಯ ಕಡೆ ಕೈಯಿಂದ ಚಪ್ಪಲಿ ಮಾಡುವವರಿಗೆ ಬೇಕಾದ ಚರ್ಮ ಹದವಾಗುವುದು ಜಾಲಿಯ ತೊಗಟೆ, ಅಳಲೆಕಾಯಿಗಳ ರಸದಲ್ಲಿ. ಕೋಣ, ಎಮ್ಮೆಯ ಚರ್ಮವನ್ನು ಚೀಲದಂತೆ ಹೊಲಿದು, ತೂಗುಹಾಕಿ, ಒಳಗೆ ತೊಗಟೆಯ ಕಷಾಯ ತುಂಬುವ ಹಳೆಯ ಪದ್ಧತಿಯಿದೆ. ರಸ ಒಳಗಿನಿಂದ ಹೊರಕ್ಕೆ ಜಿನುಗಿ ಚರ್ಮಕ್ಕೆ ಜೀವ ಕೊಡುತ್ತದೆ. ಕೊಲ್ಹಾಪುರಿ ಎಂದು ಜಗತ್ತು ಕರೆಯುವ ಚಪ್ಪಲಿಯ ಭೌಗೋಳಿಕ ಮಾನ್ಯತೆಯಲ್ಲಿ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆಗೆ ನಮ್ಮ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರವೂ ಸೇರಿವೆ. 2025ರ ಜೂನಿನಲ್ಲಿ ಇಟಲಿಯ ಮಿಲಾನಿನ ಫ್ಯಾಷನ್ ವೇದಿಕೆಯಲ್ಲಿ ಅಂಥದ್ದೇ ಚಪ್ಪಲಿ ಕಾಣಿಸಿಕೊಂಡು ಊರೆಲ್ಲ ಮಾತಾಯಿತು.  ನಮ್ಮ ಕಡೆಯ ಚಪ್ಪಲಿಯ ಜೇನುಬಣ್ಣದ ಹುಟ್ಟೂರು ನಮ್ಮ ಬದುವಿನ ಈ ಕಪ್ಪು ತೊಗಟೆ. ಗಿಡದ ಗಾಯದಿಂದ ಒಸರುವ ಅಂಟಿನ ಮಾತು ಬೇರೆ. ಬಾಣಂತಿಯ ಅಂಟಿನುಂಡಿಯ ಕರುಂ ಎನ್ನುವ ಸದ್ದಿಗೆ ಹಿಂದೆ ನಮ್ಮ ಮನೆಗಳಲ್ಲಿ ಜಾಲಿಯ ಅಂಟೂ ಕಾರಣವಾಗಿತ್ತು.

ಈಗ ಬದುಗಳು ತೆಳ್ಳಗಾಗಿವೆ. ಕೃಷ್ಣೆ, ದೂಧಗಂಗೆ, ವೇದಗಂಗೆಯ ನೀರು ಹರಿದಲ್ಲೆಲ್ಲ ಕಬ್ಬು ಬದುವಿನತನಕ ಬಂದಿದೆ. ನೆರಳಿಗೆ ಕಬ್ಬು ಏಳುವುದಿಲ್ಲ, ಹಾಗಾಗಿ ಗಿಡ ಹೋಗುತ್ತದೆ. ಜೆಸಿಬಿ ಬೇರುಸಹಿತ ಕೀಳುತ್ತದೆ, ಟನ್ನಿನ ಲೆಕ್ಕದಲ್ಲಿ ವಖಾರಕ್ಕೆ ಹೋಗುತ್ತದೆ, ಅಲ್ಲಿಂದ ಒಲೆಗೆ. ಹೊಟ್ಟೆಪಾಡಿನ ಲೆಕ್ಕವನ್ನು ನಾನು ತಪ್ಪೆನ್ನಲಾರೆ. ನೋವಾಗುವುದು ಬೇರೆಯದಕ್ಕೆ. ಕಾಕಾ ಉರುಳಿದ ಗಿಡದ ಒಂದು ಕೊಂಬೆಯ ಹತ್ತಿರ ಬಹಳ ಹೊತ್ತು ನಿಂತಿದ್ದರು. ಬೊಡ್ಡೆಯಿಂದ ಕವಲೊಡೆಯುವಲ್ಲಿ ಅದಕ್ಕೊಂದು ಬಾಗು ಇತ್ತು. ಮರದ ನೇಗಿಲಿಗೆ ಬೇಕಾಗುತ್ತಿದ್ದದ್ದು ಸರಿಯಾಗಿ ಅಂಥ ಬಾಗು. ಎಳೆ ಕಡಿಯದೆ ಹುಟ್ಟಿನಿಂದಲೇ ಬಾಗಿದ್ದು, ಎಂಥ ಹೊಡೆತಕ್ಕೂ ಮುರಿಯದ್ದು. ಹಿಂದೆ ಬಡಿಗೇರರು ಹತ್ತು ವರ್ಷ ಮೊದಲೇ ಅಂಥ ಕೊಂಬೆಯನ್ನು ಗುರುತಿಸಿಟ್ಟು, ಅದು ದಪ್ಪವಾಗುವುದನ್ನು ಕಾಯುತ್ತಿದ್ದರಂತೆ. ಕಾಕಾ ಆ ಬಾಗಿನ ಮೇಲೆ ಕೈಯಾಡಿಸಿ, “ಇದನ್ನ ಬ್ಯಾರೆ ಇಡ್ರಿ, ಸೌದಿಗೆ ಹಾಕಬ್ಯಾಡ್ರಿ,” ಎಂದರು. ಬೀಗರು ಇಟ್ಟರು. ಅದೀಗ ಅವರ ಪಡಸಾಲೆಯ ಬಾಗಿಲಿಗೆ ಕಮಾನಾಗಿದೆ, ಹೋದವರೆಲ್ಲ ಕೈಯಾಡಿಸಿ ಬರುತ್ತಾರೆ.

ನಿಮ್ಮ ಹೊಲದ ಬದುವಿನಲ್ಲಿ ಹಳೆಯ ಜಾಲಿ ಇದ್ದು, ಅದನ್ನು ತೆಗೆಯಲೇಬೇಕಾಗಿ ಬಂದರೆ, ವಖಾರದವರಿಗೆ ಫೋನು ಮಾಡುವ ಮೊದಲು ನಿಮ್ಮೂರಿನ ಹಿರಿಯ ಬಡಿಗೇರರನ್ನೋ ಕೊಡಲಿ ಹಿಡಿದು ಕೈ ಕಪ್ಪಾದವರನ್ನೋ ಒಮ್ಮೆ ಕರೆದು ತೋರಿಸಿ. ಅವರು ತಟ್ಟಿ ನೋಡುವಾಗ ನೀವೂ ಪಕ್ಕದಲ್ಲಿ ನಿಂತು ಕಿವಿ ಕೊಡಿ.